ಮಹಾಮಾರಿಯೂ ಸೂತಿಕಾಗೃಹವೂ

ನಮ್ಮ ಪ್ರಾಚೀನ ವೈದ್ಯಾಚಾರ್ಯರು ಗರ್ಭಿಣಿಯನ್ನು ದ್ವಿಹೃದಯೆಯೆಂದು ಕರೆದಿರುವರು. ನಾಲ್ಕನೆಯ ತಿಂಗಳಿನಲ್ಲಿ ಗರ್ಭದ ಹೃದಯವು ವ್ಯಕ್ತವಾಗುವುದರಿಂದ ಆಕೆಯೊಳಗೆ ಎರಡು ಹೃದಯಗಳಿರುವುವೆಂದೂ, ಆಕೆಯ ಬಯಕೆಯು ಒಬ್ಬಳ ಬಯಕೆಯಲ್ಲವೆಂದೂ, ಅದನ್ನು ಕಡೆಗಣಿಸಿದರೆ ಕೇಡು ಹೊಟ್ಟೆಯೊಳಗಿನ ಜೀವಕ್ಕೂ ತಟ್ಟುವುದೆಂದೂ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿದೆ. ಪಾಠಶಾಲೆಯಲ್ಲಿ ಕಾವ್ಯಪಾಠದ ನಡುವೆ 'ದೌಹೃದ' ಎಂಬ ಶಬ್ದವು ಬಂದಾಗ ಗುರುಗಳು ನಮಗೆ ಈ ವ್ಯುತ್ಪತ್ತಿಯನ್ನು ಹೇಳಿಕೊಟ್ಟರು. ಹದಿನಾಲ್ಕು ವರ್ಷದ ಹುಡುಗರಾದ ನಾವು ಪರೀಕ್ಷೆಗಾಗಿ ಅದನ್ನು ಕಂಠಸ್ಥ ಮಾಡಿದೆವು, ಪರೀಕ್ಷೆಯಾದ ಮೇಲೆ ಮರೆತೆವು. ಅದರ ಅರ್ಥವು ನನಗೆ ಮನದಟ್ಟಾದದ್ದು ಅರುವತ್ತು ವರ್ಷ ತುಂಬಿದ ಮೇಲೆ, ೨೦೨೧ನೆಯ ಇಸವಿ ಮೇ ತಿಂಗಳಿನ ಒಂದು ರಾತ್ರಿ, ಕುಣಿಗಲ್ಲಿನಿಂದ ತುಮಕೂರಿಗೆ ಬರುವ ದಾರಿಯಲ್ಲಿ. ಆ ಸಂಗತಿಯನ್ನು ಸಮಯ ಬಂದಾಗ ನಿವೇದಿಸುವೆನು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಕುರಿತ ಅಧ್ಯಾಯವೊಂದುಂಟು. ಪಾಂಚಾಲದೇಶದ ಕಾಂಪಿಲ್ಯದಲ್ಲಿ ಗಂಗಾತೀರದ ಕಾಡಿನಲ್ಲಿ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನು ಶಿಷ್ಯನಾದ ಅಗ್ನಿವೇಶನಿಗೆ ಅಲ್ಲಿ ಉಪದೇಶ ಮಾಡುವನು. ಮೈಕಟ್ಟು, ಆಹಾರ, ವಯಸ್ಸು ಇವುಗಳಲ್ಲಿ ಒಬ್ಬರಂತೆ ಒಬ್ಬರಿಲ್ಲದ ಜನರು ಒಂದೇ ರೋಗದಿಂದ ಒಂದೇ ಕಾಲದಲ್ಲಿ ಸಾಯುವುದು ಹೇಗೆಂದರೆ, ಎಲ್ಲರಿಗೂ ಸಮಾನವಾದ ಗಾಳಿ, ನೀರು, ದೇಶ, ಕಾಲಗಳು ಕೆಡುವುದರಿಂದ ಎಂಬುದು ಆತನ ಉತ್ತರ. ಅದೇ ಗ್ರಂಥದ ಶಾರೀರಸ್ಥಾನದ ಕಡೆಯ ಅಧ್ಯಾಯದಲ್ಲಿ, ಒಂಬತ್ತನೆಯ ತಿಂಗಳು ಬರುವುದಕ್ಕೆ ಮೊದಲೇ ಸೂತಿಕಾಗೃಹವನ್ನು ಕಟ್ಟಿಸಬೇಕೆಂದೂ, ಅದರ ಬಾಗಿಲು ಯಾವ ದಿಕ್ಕಿಗಿರಬೇಕೆಂದೂ, ಯಾವ ಯಾವ ಸಾಮಗ್ರಿಗಳನ್ನು ಕೂಡಿಡಬೇಕೆಂದೂ ಸವಿಸ್ತಾರವಾಗಿ ಬರೆದಿದೆ. ಸಾಮಗ್ರಿಗಳ ಜೊತೆಗೆ ಇನ್ನೊಂದು ಅವಶ್ಯಕವೂ ಹೇಳಲ್ಪಟ್ಟಿದೆ: ಹಲವು ಸಲ ಹೆತ್ತು ಅನುಭವವುಳ್ಳ, ಸ್ನೇಹಸ್ವಭಾವದ, ಎದೆಗುಂದದ ಹೆಂಗಸರು ಆಕೆಯ ಸುತ್ತಲೂ ಇರಬೇಕು. ಮೊದಲನೆಯ ಅಧ್ಯಾಯವು ಜನಪದವನ್ನು ಕುರಿತದ್ದು, ಎರಡನೆಯದು ಒಬ್ಬ ಹೆಂಗಸನ್ನು ಕುರಿತದ್ದು. ಈ ಎರಡು ಅಧ್ಯಾಯಗಳು ಒಂದೇ ದಿನ ಒಂದೇ ಮನೆಯೊಳಕ್ಕೆ ಬಂದರೆ ಏನಾಗುವುದೆಂಬುದೇ ನನ್ನ ಲೇಖನದ ವಿಷಯ.

ಏನಾಗುವುದೆಂಬುದನ್ನು ಮೊದಲೇ ಹೇಳಿಬಿಡುವೆನು. ಮಾರಿಯ ಕಾಲದ ಕಟ್ಟಳೆಗಳೆಲ್ಲವೂ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಎಣಿಸಿ, ಒಬ್ಬರಿಂದ ಒಬ್ಬರನ್ನು ಬೇರೆಮಾಡುವುವು. ಅದು ತಪ್ಪೆಂದು ನಾನು ಹೇಳಲಾರೆನು; ಅಂಟುರೋಗಕ್ಕೆ ಬೇರೆ ಉಪಾಯವು ಸುಲಭವಾಗಿ ದೊರೆಯದು. ಆದರೆ ಹೆರುವವಳು ಒಬ್ಬಳಲ್ಲ, ಇಬ್ಬರು. ಆ ಇಬ್ಬರಿಗೂ ಮೂರನೆಯವಳೊಬ್ಬಳು ಬೇಕು. ನಮ್ಮ ಸೀಮೆಯಲ್ಲಿ ನೂರಿಪ್ಪತ್ತು ವರ್ಷಗಳೊಳಗೆ ಮೂರು ಸಲ ಮಾರಿ ಬಂದಾಗಲೂ ಹೆಂಗಸರಿಗಾದ ಸಂಕಟದ ದೊಡ್ಡ ಪಾಲು ಈ ಮೂರನೆಯವಳು ಇಲ್ಲದೆ ಹೋದದ್ದರಿಂದ ಆದದ್ದೆಂದು ನನ್ನ ತಿಳಿವಳಿಕೆ.

ಮೊದಲು ಪ್ಲೇಗು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗವು ಹುಬ್ಬಳ್ಳಿಯ ಮಾರ್ಗವಾಗಿ ರೈಲುಗಾಡಿಯನ್ನೇರಿ ೧೮೯೮ನೆಯ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರೈಲುದಾರಿಯು ಗುಬ್ಬಿ, ತುಮಕೂರುಗಳ ಮೇಲೆಯೇ ಹಾದುಬರುವುದನ್ನು ವಾಚಕರು ಬಲ್ಲರು. ಕುಣಿಗಲ್ಲಿಗೆ ಆಗ ರೈಲಿರಲಿಲ್ಲ. ಅಲ್ಲಿ ಹಾದು ಹಾಸನಕ್ಕೆ ಹೋಗುವ ರೈಲು ಓಡಿದ್ದು ೨೦೧೭ರಲ್ಲಿ. ಆದರೂ ರೋಗಕ್ಕೆ ಎತ್ತಿನ ಗಾಡಿಯೇ ಸಾಕಾಯಿತು. ಮುಂದಿನ ಎರಡು ಮೂರು ದಶಕಗಳ ಕಾಲ ಅದು ಮೈಸೂರು ಸಂಸ್ಥಾನದ ಒಂದಲ್ಲ ಒಂದು ಭಾಗಕ್ಕೆ ಬಹುಮಟ್ಟಿಗೆ ಪ್ರತಿವರ್ಷವೂ ಬಂದು ಹೋಗುತ್ತಿತ್ತು. ಇಡೀ ಇಂಡಿಯಾದೇಶದಲ್ಲಿ ಅದಕ್ಕೆ ಬಲಿಯಾದವರು ಒಂದು ಕೋಟಿಗೂ ಮೇಲ್ಪಟ್ಟು.

ಬ್ರಿಟಿಷ್ ಸರ್ಕಾರವು ೧೮೯೭ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಅದರ ಬಲದಿಂದ ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ, ಕಂಕುಳಿನಲ್ಲಿಯೂ ತೊಡೆಸಂದಿನಲ್ಲಿಯೂ ಗೆಡ್ಡೆಯುಂಟೇ ಎಂದು ಮುಟ್ಟಿ ನೋಡುವ ಪದ್ಧತಿಯು ಆರಂಭವಾಯಿತು. ಹೆಂಗಸರ ಮೈಯನ್ನು ಅನ್ಯಪುರುಷರು ಮುಟ್ಟುವರೆಂಬ ಸುದ್ದಿಯೇ ಊರೂರುಗಳಲ್ಲಿ ಬೆಂಕಿಯಂತೆ ಹಬ್ಬಿತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡನು ೧೮೯೭ನೆಯ ಜೂನ್ ೨೨ರ ರಾತ್ರಿ ಗುಂಡಿಗೆ ಗುರಿಯಾದುದರ ಹಿಂದೆ ಈ ಕೋಪವೂ ಇದ್ದಿತು. ನಮ್ಮ ಸಂಸ್ಥಾನದಲ್ಲಿ ಪ್ಲೇಗ್ ಕಮಿಷನರಾಗಿ ನೇಮಕವಾದವರು ವಿ. ಪಿ. ಮಾಧವರಾಯರು, ಮುಂದೆ ದಿವಾನರಾದವರು ಇವರೇ. ಆ ಕಾಲದಲ್ಲಿ ಸಂಸ್ಥಾನದ ಆಡಳಿತವು ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರ ಕೈಯಲ್ಲಿತ್ತೆಂಬುದೂ ನೆನಪಿಡತಕ್ಕ ಮಾತು. ೧೯೦೦ನೆಯ ಡಿಸೆಂಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದುದಕ್ಕೂ ಪ್ಲೇಗು ಒಂದು ಕಾರಣ. ನಗರದ ಚರಿತ್ರೆಯನ್ನು ಬರೆದವರು ಬಹುಮಂದಿಯಿರುವುದರಿಂದ ನಾನು ಅದನ್ನು ಬೆಳೆಸುವುದಿಲ್ಲ.

ಹಳ್ಳಿಯ ಜನರಿಗೆ ಗೊತ್ತಿದ್ದ ಚಿಕಿತ್ಸೆ ಒಂದೇ: ಇಲಿ ಬಿದ್ದಿತೆಂದರೆ ಊರು ಬಿಡುವುದು. ಹೊಲಗಳಲ್ಲಿ ಸೋಗೆಯ ಗುಡಿಸಲುಗಳನ್ನು ಹಾಕಿಕೊಂಡು ಎರಡು ಮೂರು ತಿಂಗಳು ಅಲ್ಲಿ ಬದುಕುವುದು. ಈಗಿನ ವಿಜ್ಞಾನವು ಇದನ್ನು ಒಪ್ಪುವುದು. ಇಲಿಯ ಚಿಗಟದಿಂದ ದೂರವಾದರೆ ಪ್ಲೇಗಿನಿಂದಲೂ ದೂರವಾದಂತೆಯೇ. ಆದರೆ ದಿನ ತುಂಬಿದ ಬಸುರಿಗೆ ಊರು ಬಿಡುವುದೆಂದರೇನು?

ನನ್ನ ತಂದೆಯ ತಾಯಿಯವರು ಹುಟ್ಟಿದ್ದು ಇಂತಹ ಒಂದು ಗುಡಿಸಲಿನಲ್ಲಿ, ಕುಣಿಗಲು ತಾಲ್ಲೂಕಿನ ಒಂದು ಹಳ್ಳಿಯ ಕೆರೆಯ ಹಿಂಬದಿಯಲ್ಲಿ. ಇಸವಿ ಕೇಳಿದರೆ 'ಊರು ಬಿಟ್ಟ ವರುಷ' ಎನ್ನುತ್ತಿದ್ದರು. ಊರು ಬಿಟ್ಟದ್ದು ಒಂದೇ ಸಲವಲ್ಲವಷ್ಟೆ, ಯಾವ ಸಲವೆಂದು ಕೇಳಿದರೆ, 'ಅವ್ವ ಕೆರೆ ಏರಿಯ ಮೇಲೆ ಕೂತ ವರುಷ' ಎನ್ನುವರು. ಮುತ್ತಜ್ಜಿಯವರು ಗಂಟುಮೂಟೆಗಳೊಡನೆ ನಡೆದು ಹೋಗುತ್ತಿರುವಾಗ ಏರಿಯ ಮೇಲೆಯೇ ನೋವು ಕಾಣಿಸಿಕೊಂಡು ಕುಳಿತುಬಿಟ್ಟರಂತೆ. ಊರಿನ ಸೂಲಗಿತ್ತಿಯ ಕೇರಿಯವರು ಮತ್ತೊಂದು ದಿಕ್ಕಿನ ಹೊಲಕ್ಕೆ ಹೋಗಿದ್ದರು. ಯಾರ ಗುಡಿಸಲು ಎಲ್ಲಿದೆಯೆಂದು ಯಾರಿಗೂ ತಿಳಿಯದು. ರಾತ್ರಿಯೆಲ್ಲ ಹುಡುಕಿ ಬೆಳಗಿನ ಜಾವ ಆಕೆಯನ್ನು ಕರೆತಂದರು. ಅಷ್ಟರಲ್ಲಿ ಮಗು ಹುಟ್ಟಿ, ಹೊಕ್ಕುಳಬಳ್ಳಿಯನ್ನು ಕತ್ತರಿಸುವ ಧೈರ್ಯ ಯಾರಿಗೂ ಇಲ್ಲದೆ ತಾಯಿಯೂ ಮಗುವೂ ಹಾಗೆಯೇ ಮಲಗಿದ್ದರು. ಸೂಲಗಿತ್ತಿ ಬಂದು ಬೈದಳಂತೆ, ಬೈಯುತ್ತಲೇ ಕೆಲಸ ಮಾಡಿದಳಂತೆ.

ಇಲ್ಲಿ ಒಂದು ಮಾತನ್ನು ಹೇಳದೆ ಹೋದರೆ ಸತ್ಯಕ್ಕೆ ಲೋಪವಾಗುವುದು. ನಮ್ಮಂತಹ ಮಡಿವಂತರ ಮನೆಗಳಲ್ಲಿ ಸೂಲಗಿತ್ತಿಯು ಬೇರೆ ದಿನಗಳಲ್ಲಿ ಹಿತ್ತಿಲಿನಿಂದ ಈಚೆಗೆ ಬರಲಾಗದವಳು. ಹೆರಿಗೆಯ ದಿನ ಮಾತ್ರ ಮನೆಯ ಅತ್ಯಂತ ಒಳಗಿನ ಕೋಣೆಯವರೆಗೆ ಬರುವವಳು. ಹತ್ತು ದಿನ ಕಳೆದ ಮೇಲೆ ಪುಣ್ಯಾಹವಾಗಿ ಆಕೆಯು ಮತ್ತೆ ಹಿತ್ತಿಲಿಗೆ ಹೋಗುತ್ತಿದ್ದಳು. ಗುಡಿಸಲಿಗೆ ಹಿತ್ತಿಲಿರಲಿಲ್ಲ. ಆ ಎರಡು ತಿಂಗಳೂ ಆ ಹೆಂಗಸು ಒಂದೇ ಒಲೆಯ ಮುಂದೆ ಕುಳಿತು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳೆಂದು ಅಜ್ಜಿಯವರು ಹೇಳುತ್ತಿದ್ದರು. ಹೇಳುವಾಗ ದನಿಯನ್ನು ತಗ್ಗಿಸುತ್ತಿದ್ದರು.

ಹೊರಗಿಡುವುದೆಂಬುದು ನಮಗೆ ಹೊಸದಲ್ಲ. ಪುರುಡು ಹತ್ತು ದಿನ. ಬಾಣಂತಿಯ ಕೋಣೆ ತಿಂಗಳುಗಟ್ಟಲೆ. ಕ್ವಾರಂಟೈನೆಂಬ ಪರದೇಶದ ಶಬ್ದಕ್ಕೂ ಇಟಲಿಯ ಭಾಷೆಯಲ್ಲಿ ನಲವತ್ತು ದಿನಗಳೆಂದೇ ಅರ್ಥವಂತೆ. ವೆನಿಸ್ ಮೊದಲಾದ ರೇವುಪಟ್ಟಣಗಳಲ್ಲಿ ಹಡಗುಗಳನ್ನು ಅಷ್ಟು ದಿನ ನಿಲ್ಲಿಸುತ್ತಿದ್ದರು. ಎರಡನ್ನೂ ಹೋಲಿಸಿ, ನಮ್ಮ ಹಿರಿಯರಿಗೆ ಇದೆಲ್ಲವೂ ಗೊತ್ತಿತ್ತೆಂದು ಕೆಲವರು ೨೦೨೦ರಲ್ಲಿ ಭಾಷಣ ಮಾಡಿದರು. ಅದನ್ನು ನಾನು ಒಪ್ಪಲಾರೆನು. ಬಾಣಂತಿಯ ಕೋಣೆಯು ಗಂಡಸರಿಗೆ ಮುಚ್ಚಿದ ಕೋಣೆ, ಹೆಂಗಸರಿಗೆ ತೆರೆದದ್ದು. ತಾಯಿ, ಅಜ್ಜಿ, ಸೂಲಗಿತ್ತಿ ಮೂವರೂ ಅಲ್ಲಿರುತ್ತಿದ್ದರು. ಕ್ವಾರಂಟೈನಿನ ಕೋಣೆಯು ಎಲ್ಲರಿಗೂ ಮುಚ್ಚಿದ್ದು. ಮೊದಲನೆಯದು ಆಕೆಯನ್ನು ಕಾಯುವುದಕ್ಕೆ, ಎರಡನೆಯದು ಆಕೆಯಿಂದ ಉಳಿದವರನ್ನು ಕಾಯುವುದಕ್ಕೆ.

೧೯೧೮ರ ಇನ್‌ಫ್ಲುಯೆಂಜಾ ಜ್ವರದ ವಿಷಯವು ಬೇರೆ. ಪ್ಲೇಗಿಗೆ ಹೆದರಿ ಓಡುವುದಕ್ಕಾದರೂ ಸ್ಥಳವಿತ್ತು. ಇದಕ್ಕೆ ಓಡುವ ಸ್ಥಳವೂ ಇರಲಿಲ್ಲ, ಸಮಯವೂ ಇರಲಿಲ್ಲ. ಆ ವರ್ಷದ ಜೂನ್ ತಿಂಗಳಿನಲ್ಲಿ ಮುಂಬಯಿಗೆ ಬಂದು, ಮೊದಲ ಸಲ ಸೌಮ್ಯವಾಗಿದ್ದು, ಸೆಪ್ಟೆಂಬರಿನಲ್ಲಿ ಉಗ್ರರೂಪವನ್ನು ತಾಳಿತು. ಸಂಸ್ಥಾನದಲ್ಲಿ ಅದು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಡೆಯ ತಿಂಗಳುಗಳು. ಮಳೆ ಕೆಟ್ಟಿತ್ತು, ಯುದ್ಧದ ದೆಸೆಯಿಂದ ಧಾನ್ಯದ ಬೆಲೆ ಏರಿತ್ತು. ಇಂಡಿಯಾದೇಶದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದು ಕೋಟಿ ಇಪ್ಪತ್ತು ಲಕ್ಷದಿಂದ ಎರಡು ಕೋಟಿಯವರೆಗೆ ಬಗೆಬಗೆಯಾಗಿ ಅಂದಾಜು ಮಾಡಿರುವರು. ದೇಶದ ಜನಸಂಖ್ಯೆಯು ಒಂದು ಗಣತಿಯಿಂದ ಇನ್ನೊಂದಕ್ಕೆ ಇಳಿದದ್ದು ೧೯೨೧ರಲ್ಲಿ. ಅಲ್ಲಿಂದೀಚೆಗೆ ಹಾಗೆ ಇಳಿದದ್ದೇ ಇಲ್ಲ.

ಈ ಜ್ವರವು ಮುದುಕರನ್ನು ಬಿಟ್ಟು ಇಪ್ಪತ್ತರಿಂದ ನಲವತ್ತರೊಳಗಿನವರನ್ನು ಹುಡುಕಿ ಹಿಡಿಯಿತು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರನ್ನು ಹೆಚ್ಚಾಗಿ ಕೊಂದಿತು. ಅವರಲ್ಲಿಯೂ ಬಸುರಿಯರು. ಅಮೆರಿಕಾದೇಶದ ಹ್ಯಾರಿಸ್ ಎಂಬ ವೈದ್ಯನು ೧೯೧೯ರಲ್ಲಿ ಅಲ್ಲಿಯ ೧೩೫೦ ಮಂದಿ ರೋಗಪೀಡಿತ ಗರ್ಭಿಣಿಯರ ವಿವರಗಳನ್ನು ಕಲೆಹಾಕಿ ಪ್ರಕಟಿಸಿದನು: ನೂರಕ್ಕೆ ೨೭ ಮಂದಿ ಸತ್ತಿದ್ದರು, ಶ್ವಾಸಕೋಶಕ್ಕೆ ರೋಗವೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು. ಅಮೆರಿಕಾದಲ್ಲಿ ಹೀಗಾದರೆ ಗುಬ್ಬಿಯಲ್ಲಿ ಹೇಗಾಗಿರಬೇಡ? ನಮ್ಮ ಹೆಂಗಸರು ಮನೆಮಂದಿಗೆಲ್ಲ ಬಡಿಸಿದ ಮೇಲೆ ಉಂಡು, ರೋಗಿಗಳಿಗೆಲ್ಲ ಆರೈಕೆ ಮಾಡಿದ ಮೇಲೆ ಮಲಗುವವರು. ಆಗ ಹತ್ತು ಹನ್ನೊಂದು ವರ್ಷದವರಿದ್ದ ನನ್ನ ಅಜ್ಜಿಯವರ ನೆನಪು ಇಷ್ಟೇ: ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಿದರು, ಒಲೆ ಹೊತ್ತಿಸುವವರಿರಲಿಲ್ಲ, ಬಸುರಿಯಾಗಿದ್ದ ಚಿಕ್ಕಮ್ಮ ಮೂರನೆಯ ದಿನ ಹೋದಳು. ಸೂಲಗಿತ್ತಿಗೂ ಜ್ವರ. ಸರ್ಕಾರವು ಸಂಚಾರಿ ವೈದ್ಯರನ್ನು ಕಳುಹಿಸಿತು, ಥೈಮಾಲ್ ಔಷಧವನ್ನು ಹಂಚಿಸಿತು, ಕೆಲವೆಡೆ ಗಂಜಿಯನ್ನು ಕಾಯಿಸಿ ಹಂಚುವ ಏರ್ಪಾಡೂ ಆಯಿತು. ಔಷಧಕ್ಕಿಂತ ಗಂಜಿಯೇ ಹೆಚ್ಚು ಜನರನ್ನು ಉಳಿಸಿತೆಂದು ನನ್ನ ಊಹೆ. ಮುಂದಿನ ವರ್ಷ ದೇಶದಲ್ಲೆಲ್ಲ ಹುಟ್ಟಿದವರ ಸಂಖ್ಯೆಯೂ ಬಹಳವಾಗಿ ಇಳಿಯಿತು. ಸತ್ತವರ ಲೆಕ್ಕದಲ್ಲಿ ಹೊಟ್ಟೆಯಲ್ಲಿದ್ದವರನ್ನು ಯಾರೂ ಬರೆಯುವುದಿಲ್ಲ.

ಅಲ್ಲಿಂದ ಮುಂದಿನ ನೂರು ವರ್ಷಗಳನ್ನು ವೇಗವಾಗಿ ದಾಟಬಹುದು. ೧೯೩೫ರಲ್ಲಿ ಬೆಂಗಳೂರಿನಲ್ಲಿ ರೀಜೆಂಟ್ ಮಹಾರಾಣಿಯವರ ಹೆಸರಿನ ವಾಣೀವಿಲಾಸ ಆಸ್ಪತ್ರೆಯು ಹೆಂಗಸರು ಮಕ್ಕಳಿಗಾಗಿ ತೆರೆಯಿತು. ತಾಲ್ಲೂಕಿಗೊಂದು ಆಸ್ಪತ್ರೆ, ಹೋಬಳಿಗೊಂದು ಆರೋಗ್ಯಕೇಂದ್ರ ಬಂದುವು. ಹಾಗೆಂದು ಸೂಲಗಿತ್ತಿಯರು ಒಮ್ಮೆಗೇ ಮರೆಯಾಗಲಿಲ್ಲ. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಎಪ್ಪತ್ತು ವರ್ಷಗಳ ಕಾಲ, ಕಾಸನ್ನೂ ಕೇಳದೆ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಆ ಅಕ್ಷರ ಬಾರದ ತಾಯಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಕೊಟ್ಟಿತು. ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರ್ ೨೫ರಂದು ತೀರಿಕೊಂಡರು.

ಆದರೂ ಸೂಲಗಿತ್ತಿಯ ಕಾಲವೇ ಚೆನ್ನಾಗಿತ್ತೆಂದು ಹಲುಬುವವರ ಗುಂಪಿಗೆ ನಾನು ಸೇರಿದವನಲ್ಲ. ನರಸಮ್ಮನವರಂತಹವರು ಊರಿಗೊಬ್ಬರಿರಲಿಲ್ಲ, ತುಕ್ಕು ಹಿಡಿದ ಕುಡುಗೋಲಿನಿಂದ ಬಳ್ಳಿ ಕೊಯ್ದು ಧನುರ್ವಾತ ಬರಿಸಿದವರೂ ಇದ್ದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ೨೦೧೯ರಲ್ಲಿ ಕರ್ಣಾಟಕದಲ್ಲಿ ವಿಚಾರಿಸಿದಾಗ ನೂರಕ್ಕೆ ೯೭ ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗಿದ್ದುವು. ಎಷ್ಟು ತಾಯಂದಿರ ಪ್ರಾಣ ಇದರಿಂದ ಉಳಿದಿದೆಯೆಂದು ಹೇಳತೀರದು. ಆದರೆ ಇದರೊಡನೆ ಇನ್ನೊಂದೂ ಆಯಿತು. ಮನೆಯಲ್ಲಿ ಹೆರಿಸಬಲ್ಲ ಕೈಗಳು ಇಲ್ಲವಾದುವು. ಬಾಗಿಲು ಒಂದೇ ಉಳಿಯಿತು, ಆಸ್ಪತ್ರೆಯ ಬಾಗಿಲು. ಮರುವರ್ಷವೇ ಆ ಬಾಗಿಲಿನ ಮುಂದೆ ಮೂರನೆಯ ಮಾರಿ ಬಂದು ನಿಂತಿತು.

೨೦೨೦ನೆಯ ಮಾರ್ಚ್ ೨೫ರಿಂದ ದೇಶವೆಲ್ಲ ಸ್ತಬ್ಧವಾಯಿತು. ಎರಡು ದಿನಗಳ ಮೇಲೆ, ೨೭ರಂದು, ಶಿರಾದ ಒಬ್ಬ ಹಿರಿಯರು ಕೊರೋನಾ ರೋಗದಿಂದ ತುಮಕೂರಿನಲ್ಲಿ ತೀರಿಕೊಂಡರು. ಜಿಲ್ಲೆಯ ಮೊದಲನೆಯ ಬಲಿ ಅದು. ಬಸ್ಸು ನಿಂತವು. ಬೆಂಗಳೂರಿನಿಂದ ಜನರು ನಡೆದೂ ಬೈಕುಗಳಲ್ಲಿಯೂ ಹಳ್ಳಿಗಳಿಗೆ ಹಿಂದಿರುಗಿದರು. ಹಳ್ಳಿಗಳವರು ದಾರಿಗೆ ಜಾಲಿಮುಳ್ಳನ್ನು ಹಾಕಿ, ಪರಸ್ಥಳದವರಿಗೆ ಪ್ರವೇಶವಿಲ್ಲವೆಂದು ಹಲಗೆ ಬರೆದರು. ಸೀಮಂತ ಮಾಡಿಕೊಂಡು ತವರಿಗೆ ಬರಬೇಕಾದ ಹುಡುಗಿಯರು ಬಂದಲ್ಲಿ ಪರಸ್ಥಳದವರಾದರು, ಬಾರದಲ್ಲಿ ಒಂಟಿಗರಾದರು. ಹಿಂದಿನ ೧೮೯೭ರ ಕಾಯಿದೆಯೇ ಮತ್ತೆ ಹೊರಬಂದಿತ್ತು. ಅದರ ಮೇಲೆ ಸರ್ಕಾರವು ಹೊಸ ನಿಯಮಗಳನ್ನು ಕಟ್ಟಿತು.

ಗುಬ್ಬಿ ತಾಲ್ಲೂಕಿನ ಒಂದು ಶಾಲೆಯಲ್ಲಿ ನನ್ನಲ್ಲಿ ಓದಿದ ಹೆಣ್ಣುಮಗಳೊಬ್ಬಳು ಅಲ್ಲಿ ಆಶಾ ಕಾರ್ಯಕರ್ತೆಯಾಗಿರುವಳು. ಆ ವರ್ಷದ ಬೇಸಗೆಯನ್ನು ಆಕೆ ನನಗೆ ಹೀಗೆ ವರ್ಣಿಸಿದಳು: "ಮೇಷ್ಟ್ರೇ, ನನ್ನ ಪುಸ್ತಕದಲ್ಲಿ ಹನ್ನೊಂದು ಜನ ಬಸುರಿಯರಿದ್ದರು. ಬೆಂಗಳೂರಿನಿಂದ ಬಂದ ಮೂವರು ಬಸುರಿಯೆಂದು ಹೇಳಿಕೊಳ್ಳಲೇ ಇಲ್ಲ. ಹೇಳಿದರೆ ಹಿಡಿದುಕೊಂಡು ಹೋಗಿ ಹಾಸ್ಟೆಲಿನಲ್ಲಿ ಕೂರಿಸುತ್ತಾರೆ ಅಂತ ಭಯ. ಒಬ್ಬಳಿಗೆ ಏಳು ತಿಂಗಳು, ದುಪ್ಪಟಿ ಹೊದ್ದುಕೊಂಡು ಕೂತಿದ್ದಳು. ನಾನು ಮುಳ್ಳಿನ ಆಚೆ ನಿಂತು ಕಬ್ಬಿಣದ ಮಾತ್ರೆ ಎಸೆದೆ, ಅವಳು ಈಚೆಯಿಂದ ಹಿಡಿದುಕೊಂಡಳು." ಮುಳ್ಳನ್ನು ಸರಿಸಿ ಗಾಡಿ ಹೋಗುವಷ್ಟು ದಾರಿ ಬಿಡಿಸುವುದಕ್ಕೆ ಆಕೆ ಎರಡು ದಿನ ಪಂಚಾಯಿತಿಯ ಬಾಗಿಲಿಗೆ ಅಲೆದಳಂತೆ. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯಿತ್ತಷ್ಟೆ. ಊಟವು ನಿಂತು ದಿನಸಿಯು ಮನೆಗೆ ಬಂದಿತು. ದಿನಸಿ ಮನೆಗೆ ಬಂದರೆ ಅದು ಮನೆಮಂದಿಗೆಲ್ಲ ಹಂಚಿಹೋಗುವುದು. ಬಸುರಿಯು ತಾನೊಬ್ಬಳೇ ಕುಳಿತು ಮೊಟ್ಟೆ ತಿನ್ನುವ ಮನೆ ಯಾವುದು? ಅಂಗನವಾಡಿಯಲ್ಲಿ ಕುಳಿತು ಉಂಡರೆ ಮಾತ್ರ ಆ ಊಟವು ಆಕೆಯದು.

ಅದೇ ವರ್ಷದ ಜುಲೈ ೧೦ರಿಂದ ಕರ್ಣಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ಗೌರವಧನವನ್ನೂ ರಕ್ಷಣೆಯ ಸಾಮಗ್ರಿಯನ್ನೂ ಬೇಡಿ ಮುಷ್ಕರ ಹೂಡಿದರು. ನೆರೆಹೊರೆಯ ಕೆಲವರು ಇಂತಹ ಕಾಲದಲ್ಲಿ ಮುಷ್ಕರವೇ ಎಂದರು. ಇಂತಹ ಕಾಲದಲ್ಲಲ್ಲದೆ ಇನ್ನಾವಾಗ ಅವರ ಬೆಲೆ ನಮಗೆ ತಿಳಿಯುತ್ತಿತ್ತು?

ರೋಗಲಕ್ಷಣವಿಲ್ಲದಿದ್ದರೂ, ರೋಗವು ಹಬ್ಬಿದ ವಲಯಗಳ ಗರ್ಭಿಣಿಯರನ್ನು ಹೆರಿಗೆಗೆ ಐದು ದಿನ ಮೊದಲೇ ಪರೀಕ್ಷಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ನೆಯ ಏಪ್ರಿಲಿನಲ್ಲಿ ಸೂಚಿಸಿತು. ಪರೀಕ್ಷೆಯಿಲ್ಲವೆಂದು ತುರ್ತು ಚಿಕಿತ್ಸೆಯನ್ನು ನಿಲ್ಲಿಸಬಾರದೆಂದೂ ಹೇಳಿತು. ಮೊದಲನೆಯ ಮಾತು ಎಲ್ಲರಿಗೂ ಕೇಳಿಸಿತು, ಎರಡನೆಯದು ಹಲವರಿಗೆ ಕೇಳಿಸಲಿಲ್ಲ. ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಒಬ್ಬ ಹೆಂಗಸು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಕಡೆಗೆ ಒಂದರ ಮುಂದೆ ಆಟೋರಿಕ್ಷಾದಲ್ಲಿಯೇ ಹೆತ್ತಳು, ಕೂಸು ಉಳಿಯಲಿಲ್ಲ. ಅದೇ ನಗರದ ವಾಣೀವಿಲಾಸ ಆಸ್ಪತ್ರೆಯಲ್ಲಿ ವೈದ್ಯರೂ ದಾದಿಯರೂ ಬೆವರು ಸುರಿಯುವ ಅಂಗಿಗಳನ್ನು ತೊಟ್ಟು, ಸೋಂಕು ತಗಲಿದ ನೂರಾರು ತಾಯಂದಿರಿಗೆ ಹೆರಿಗೆ ಮಾಡಿಸುತ್ತಿದ್ದುದೂ ಅಷ್ಟೇ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಅನ್ಯಾಯ.

ಈಗ ಕುಣಿಗಲ್ಲಿನ ದಾರಿಯ ಸಂಗತಿ. ೨೦೨೧ರ ಏಪ್ರಿಲ್ ೨೭ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧವಾದಾಗ ನಾನು ಕುಣಿಗಲು ತಾಲ್ಲೂಕಿನಲ್ಲಿ ತಂಗಿಯ ಮನೆಯಲ್ಲಿ ಸಿಕ್ಕಿಕೊಂಡಿದ್ದೆನು. ತಂಗಿಯ ಮಗಳು ಚೊಚ್ಚಲ ಬಸುರಿ, ದಿನ ತುಂಬಿದವಳು. ಆರಂಭದಿಂದಲೂ ತೋರಿಸಿಕೊಳ್ಳುತ್ತಿದ್ದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರು. ಸೋಂಕು ಇದೆಯೆಂದು ಕಾಗದ ಬಂದಿತು. ಹುಡುಗಿಗೆ ಕೆಮ್ಮಿಲ್ಲ, ಜ್ವರವಿಲ್ಲ. ಅದೇ ಸಂಜೆ ನೋವು ಕಾಣಿಸಿತು. ನಮ್ಮಲ್ಲಿ ಆಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದರು. ಒಂಬತ್ತು ತಿಂಗಳು ಹೆಸರು ಹಿಡಿದು ಮಾತನಾಡಿಸಿದವರು ಕಿಟಕಿಯ ಗಾಜಿನ ಹಿಂದೆ ನಿಂತು ಹೀಗೆಂದರು. ನೆರೆಯವರ ಕಾರಿನಲ್ಲಿ ತುಮಕೂರಿಗೆ ಹೊರಟೆವು. ನಡುದಾರಿಯಲ್ಲಿ ಪೋಲೀಸರು ತಡೆದು, ಕಾರಿನಲ್ಲಿ ಎಷ್ಟು ಜನವೆಂದು ಕೇಳಿದರು. ಹುಡುಗಿ, ಆಕೆಯ ತಾಯಿ, ಡ್ರೈವರು, ನ��ನು, ನಾನು ನಾಲ್ವರೆಂದೆನು. ಹಿಂದಿನ ಸೀಟಿನಿಂದ ಹುಡುಗಿಯು ನೋವಿನ ನಡುವೆ 'ಐದು' ಎಂದಳು. ಪೋಲೀಸಿನವನು ದೀಪವನ್ನು ಹಾಕಿ ನೋಡಿ, ಏನೂ ಹೇಳದೆ ಅಡ್ಡಗಂಬವನ್ನು ಎತ್ತಿದನು. ಸುಶ್ರುತನ ಮಾತು ನನಗೆ ನೆನಪಾದದ್ದು ಆಗ.

ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಗಂಡುಮಗುವಾಯಿತು. ತಂಗಿಯನ್ನು ಒಳಗೆ ಬಿಡಲಿಲ್ಲ. ಹೆರಿಗೆಯ ಕೋಣೆಯಲ್ಲಿ ಹೆಂಗಸೊಬ್ಬಳು ಜೊತೆಗಿರಬಹುದೆಂದು ಕೇಂದ್ರಸರ್ಕಾರವು ೨೦೧೬ರಲ್ಲಿಯೇ ಒಪ್ಪಿದ್ದಿತು; ಸೋಂಕಿತಳಾದವಳಿಗೂ ಆ ಹಕ್ಕುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದ್ದಿತು. ಬಾಗಿಲಿನಲ್ಲಿದ್ದವನಿಗೆ ಇದನ್ನು ಯಾರು ಹೇಳುವರು? ಮೂರು ಹಗಲು ಮೂರು ರಾತ್ರಿ ತಂಗಿಯು ಕಾಂಪೌಂಡಿನ ಹೊಂಗೆಯ ಮರದಡಿಯಲ್ಲಿ ಬಿಸಿನೀರಿನ ಫ್ಲಾಸ್ಕನ್ನೂ ಮೆಣಸಿನ ಸಾರಿನ ಡಬ್ಬಿಯನ್ನೂ ಇಟ್ಟುಕೊಂಡು ಕುಳಿತಿದ್ದಳು. ಹುಡುಗಿಯು ಆಮೇಲೆ ಹೇಳಿದ್ದು ಇದು: "ನೋವಿಗಿಂತ ಹೆಚ್ಚಾಗಿ, ಯಾರ ಮುಖವೂ ಕಾಣದೇ ಇದ್ದದ್ದೇ ಭಯ. ಎಲ್ಲರೂ ಬಿಳಿ ಅಂಗಿ, ಕಣ್ಣಿಗೂ ಕನ್ನಡಕ. ಒಬ್ಬ ನರ್ಸು ಮಾತ್ರ ಅಂಗಿಯ ಮೇಲೆ ಪೆನ್ನಿನಿಂದ ತನ್ನ ಹೆಸರು ಬರೆದುಕೊಂಡಿದ್ದಳು. ಎರಡು ಗ್ಲೋವ್ಸಿನ ಮೇಲಿನಿಂದಲೇ ಕೈ ಹಿಡಿದುಕೊಂಡಿದ್ದಳು, ಬಿಡಲಿಲ್ಲ. ಈಗ ಎದುರಿಗೆ ಬಂದರೆ ಗುರುತು ಸಿಕ್ಕುವುದಿಲ್ಲ. ದನಿ ಕೇಳಿದರೆ ಸಿಕ್ಕೀತು."

ನಮ್ಮದು ಅದೃಷ್ಟ. ಆ ಎರಡನೆಯ ಅಲೆಯು ಬಸುರಿಯರ ಪಾಲಿಗೆ ಎಷ್ಟು ಕ್ರೂರವಾಗಿತ್ತೆಂಬುದನ್ನು ಸಂಶೋಧನಾ ಮಂಡಳಿಯು ಜೂನ್ ತಿಂಗಳಿನಲ್ಲಿ ಪ್ರಕಟಿಸಿತು: ಅವರು ಪರಿಶೀಲಿಸಿದ ಬಸುರಿ ಬಾಣಂತಿಯರಲ್ಲಿ ಮೊದಲ ಅಲೆಯಲ್ಲಿ ಸತ್ತವರು ನೂರಕ್ಕೆ ೦.೭, ಎರಡನೆಯದರಲ್ಲಿ ೫.೭. ಲಸಿಕೆಯ ಕಾರ್ಯವು ಜನವರಿ ೧೬ರಂದೇ ಆರಂಭವಾಗಿತ್ತು. ಆದರೆ ಲಸಿಕೆಯ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲವಾದ್ದರಿಂದ ಅವರಿಗೆ ಕೊಡುವಂತಿರಲಿಲ್ಲ. ಅನುಮತಿ ಬಂದದ್ದು ಜುಲೈ ೨ರಂದು, ಅಲೆಯು ಇಳಿದ ಮೇಲೆ. ಅವರ ಕ್ಷೇಮಕ್ಕಾಗಿಯೇ ಅವರನ್ನು ಹೊರಗಿಟ್ಟೆವೆಂದು ವಿದ್ವಾಂಸರು ಹೇಳುವರು. ಇದ್ದೀತು. ಹೊರಗಿಟ್ಟುದರ ಫಲವನ್ನು ಉಂಡವರು ಮಾತ್ರ ಅವರೇ.

ಲೆಕ್ಕದ ಪುಸ್ತಕಗಳಲ್ಲಿ ಇದು ಕಾಣುವುದಿಲ್ಲ. ಕರ್ಣಾಟಕದಲ್ಲಿ ಒಂದು ಲಕ್ಷ ಹೆರಿಗೆಗಳಿಗೆ ಸಾಯುವ ತಾಯಂದಿರ ಸಂಖ್ಯೆಯು ೨೦೧೭–೧೯ರಲ್ಲಿ ೮೩ ಇದ್ದದ್ದು ೨೦೧೮–೨೦ರಲ್ಲಿ ೬೯ಕ್ಕೆ ಇಳಿಯಿತೆಂದು ಮಾದರಿ ನೋಂದಣಿಯ ವರದಿಯು ಹೇಳುವುದು. ಸಂತೋಷವೇ. ಆದರೆ ಹೊಂಗೆಯ ಮರದಡಿಯ ಮೂರು ರಾತ್ರಿಗಳನ್ನು ಬರೆಯುವುದಕ್ಕೆ ಆ ವರದಿಯಲ್ಲಿ ಅಂಕಣವಿಲ್ಲ. ಮುಳ್ಳಿನ ಬೇಲಿಯ ಈಚೆ ದುಪ್ಪಟಿ ಹೊದ್ದು ಕುಳಿತವಳಿಗೂ ಇಲ್ಲ.

ಅಲೆಗಳೆಲ್ಲ ಇಳಿದ ಮೇಲೆಯೂ ಬಾಗಿಲಿನ ಅಭ್ಯಾಸವು ಹೋಗಲಿಲ್ಲ. ೨೦೨೨ನೆಯ ನವೆಂಬರ್ ತಿಂಗಳಿನ ಆರಂಭದಲ್ಲಿ, ತಮಿಳುನಾಡಿನಿಂದ ಬಂದು ತುಮಕೂರಿನಲ್ಲಿ ವಾಸವಾಗಿದ್ದ ಒಬ್ಬ ಬಡ ಗರ್ಭಿಣಿಯು ನೋವಿನಿಂದ ಜಿಲ್ಲಾಸ್ಪತ್ರೆಗೆ ಹೋದಾಗ, ತಾಯಿಕಾರ್ಡೂ ಆಧಾರ್ ಕಾರ್ಡೂ ಇಲ್ಲವೆಂದು ಸೇರಿಸಿಕೊಳ್ಳದೆ ಕಳುಹಿಸಿದ ಸಂಗತಿಯು ಪತ್ರಿಕೆಗಳಲ್ಲೆಲ್ಲ ಬಂದಿತು. ಆಕೆಯು ಮನೆಯಲ್ಲಿಯೇ ಹೆತ್ತಳು. ಅವಳಿ ಮಕ್ಕಳು. ತಾಯಿಯೂ ಎರಡು ಕೂಸುಗಳೂ ಸತ್ತರು. ವೈದ್ಯೆಯನ್ನೂ ದಾದಿಯರನ್ನೂ ಅಮಾನತು ಮಾಡಿದರು. ತುರ್ತಿನ ಸಮಯದಲ್ಲಿ ಕಾಗದ ಕೇಳಕೂಡದೆಂದು ಮಂತ್ರಿಗಳು ಹೇಳಿದರು. ಪಕ್ಕದಲ್ಲಿ ಸೂಲಗಿತ್ತಿಯೊಬ್ಬಳಿದ್ದಿದ್ದರೆ ಆಕೆ ಬದುಕುತ್ತಿದ್ದಳೆಂದು ನಾನು ಹೇಳಲಾರೆನು. ಅವಳಿ ಹೆರಿಗೆಗೆ ಆಸ್ಪತ್ರೆಯೇ ಬೇಕು. ಒಂದು ಶತಮಾನದ ಹಿಂದೆ ಆಕೆಗೆ ಆಸ್ಪತ್ರೆಯಿರಲಿಲ್ಲ, ಕಾಗದವನ್ನು ಕೇಳುವವರೂ ಇರಲಿಲ್ಲ.

ನನ್ನ ಅಜ್ಜಿಯವರು ಹೇಳಿದ್ದನ್ನು ನಾನು ಆಗಲೇ ಬರೆದಿಡಲಿಲ್ಲ. ಈಗ ಎಷ್ಟೋ ಮರೆತಿದೆ. ಸೂಲಗಿತ್ತಿಯ ಹೆಸರನ್ನೂ ಅವರು ಹೇಳಿದ್ದರು, ಅದೂ ಮರೆತಿದೆ. ಆ ತಪ್ಪು ಎರಡನೆಯ ಸಲವಾಗಬಾರದೆಂದು ಕಳೆದ ಎರಡು ವರ್ಷಗಳಿಂದ ೨೦೨೦, ೨೦೨೧ರಲ್ಲಿ ಹೆತ್ತ ತಾಯಂದಿರು ಹೇಳಿದ್ದನ್ನು, ಅವರ ಒಪ್ಪಿಗೆಯಿಂದ, ಹೆಸರು ಬರೆಯದೆ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿರುವೆನು. ತುಮಕೂರಿನ ಪೇಟೆಯವರದು ಹದಿನಾಲ್ಕು, ಗುಬ್ಬಿ ತಾಲ್ಲೂಕಿನವು ಒಂಬತ್ತು. ಕುಣಿಗಲ್ಲಿನವು ಎರಡೇ, ಅವುಗಳಲ್ಲಿ ಒಂದು ನಮ್ಮ ಮನೆಯದೇ.